ಗೊಂಬೆಮನೆಯ ಗೋಡೆಗೆ ಬಾಗಿಲು, ಕಿಟಕಿ, ಕಮಾನು ಕೊರೆಯುವ ಬಗೆ

ರೋಟರಿ ಟೂಲ್, ಅಂದರೆ ಕೈಯಲ್ಲಿ ಹಿಡಿದು ಕೊರೆಯುವ ಚಿಕ್ಕ ಕರೆಂಟ್ ಮಷಿನ್, ಹೊಸದಾಗಿ ಕೊಂಡವರು ಅದನ್ನು ಪೆನ್ನು ಹಿಡಿದಂತೆ ಹಿಡಿದು ಪ್ಲೈವುಡ್ ಮೇಲಿನ ಗೆರೆಗುಂಟ ಓಡಿಸಲು ನೋಡುತ್ತಾರೆ. ಗೆರೆ ಒಂದು ಕಡೆ, ಟೂಲ್ ಒಂದು ಕಡೆ ಹೋಗುತ್ತದೆ. ತಪ್ಪು ಕೈಯದಲ್ಲ. ನಿಮಿಷಕ್ಕೆ 30,000 ಸುತ್ತು ತಿರುಗುವ ಬಿಟ್ಟು, ಅಂದರೆ ಟೂಲಿನ ತುದಿಗೆ ಸಿಕ್ಕಿಸುವ ಕೊರೆಯುವ ಕಡ್ಡಿ, ಮರದ ಎಳೆ ಸಿಕ್ಕ ಕಡೆಗೆ ಎಳೆದುಕೊಂಡು ಹೋಗುತ್ತದೆ. ಬರಿಗೈಯಲ್ಲಿ ಅದನ್ನು ನೇರ ನಡೆಸುವುದು ಬಹಳ ಕಷ್ಟ. ಟೂಲ್ ಇರುವುದು ತಿರುಗುವುದಕ್ಕೆ ಮಾತ್ರ. ಎತ್ತ ಹೋಗಬೇಕು, ಎಷ್ಟು ಆಳ ಇಳಿಯಬೇಕು ಅನ್ನುವುದನ್ನು ಅಟ್ಯಾಚ್ಮೆಂಟ್ ಹೇಳಬೇಕು. ಹಾಗಾಗಿ ಇಲ್ಲಿ ಟೂಲ್ ಬಗ್ಗೆ ಕಡಿಮೆ, ಅದರ ಮೂತಿಗೆ ಹಾಕುವ ಸಾಮಾನಿನ ಬಗ್ಗೆ ಜಾಸ್ತಿ ಬರೆದಿದ್ದೇನೆ.

ನಾನು ಕಲಬುರಗಿಯಲ್ಲಿ ಹೈಸ್ಕೂಲಿನ ಡ್ರಾಯಿಂಗ್ ಟೀಚರ್ ಆಗಿದ್ದವಳು. ಈಗ ನಿವೃತ್ತಿಯಾಗಿ ಗೊಂಬೆಮನೆ ಮಾಡುತ್ತೇನೆ. ಅಂಗಡಿಯಲ್ಲಿ ಸಿಗುವ ಗುಲಾಬಿ ಬಣ್ಣದ ಬಂಗಲೆ ಅಲ್ಲ, ನಮ್ಮ ಕಡೆಯ ವಾಡೆ. ಮಣ್ಣಿನ ಮಾಳಿಗೆ, ದಪ್ಪ ಗೋಡೆ, ತಲೆ ಬಗ್ಗಿಸಿ ದಾಟುವ ಬಾಗಿಲು, ದೀಪ ಇಡುವ ಗೂಡು, ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಹೊರದೇಶದ ಕಿಟ್‌ಗಳಲ್ಲಿ ಬಾಗಿಲು ಕಿಟಕಿ ಎಲ್ಲ ಸಿದ್ಧವಾಗಿ ಬರುತ್ತವೆ. ಅವುಗಳ ಅಳತೆಗೆ ತಕ್ಕ ತೂತು ಕೊರೆದರೆ ಮುಗಿಯಿತು. ನಮ್ಮ ವಾಡೆಗೆ ಅಂಥ ಕಿಟ್ ಇಲ್ಲ. ತೂತಿನ ಆಕಾರವನ್ನೂ ನಾವೇ ಬರೆಯಬೇಕು, ಚೌಕಟ್ಟನ್ನೂ ನಾವೇ ಮಾಡಬೇಕು.

ಮನೆ ಹಿಂದಿನ ಬಡಿಗ ಕಾಕಾ ಒಮ್ಮೆ ಬಂದು ನೋಡಿ, "ಅಕ್ಕೋರೆ, ಜಿಗ್ಸಾ ಇರಬೇಕಾದ್ರ ಈ ಗುಬ್ಬಿ ಮಷಿನ್ ಯಾಕ ಬೇಕ್ರೀ?" ಅಂದರು. ಕೇಳಬೇಕಾದ ಪ್ರಶ್ನೆಯೇ. 18 ಮಿ.ಮೀ. ಪ್ಲೈಗೆ ಜಿಗ್ಸಾ ಸರಿ. ಆದರೆ 6 ಮಿ.ಮೀ. ಪ್ಲೈ ಮೇಲೆ ಅದರ ಬ್ಲೇಡ್ ಮೇಲೆ ಕೆಳಗೆ ಆಡುವಾಗ ಹಲಗೆಯೇ ಕುಣಿಯುತ್ತದೆ, ಅಂಚು ಸಿಬಿರು ಏಳುತ್ತದೆ. ಎರಡು ಇಂಚು ಅಗಲದ ಕಿಟಕಿಯೊಳಗೆ ಅದನ್ನು ತಿರುಗಿಸಲು ಜಾಗವೂ ಇರುವುದಿಲ್ಲ. ಹಾಗಂತ ಇರುವುದು ಒಂದೇ ಚೌಕ ಕಿಟಕಿಯಾದರೆ ರೋಟರಿ ಟೂಲ್ ಕೊಳ್ಳಬೇಡಿ. ಮೂಲೆಗೆ ತೂತು ಹಾಕಿ ತೆಳು ಬ್ಲೇಡಿನ ಕೈಗರಗಸದಿಂದ ಕೊಯ್ದರೆ ಸಾಕು. ಹತ್ತಾರು ತೂತು, ಅದರಲ್ಲಿ ಕಮಾನು, ದುಂಡು, ಅರ್ಧ ಆಳದ ಗೂಡು ಎಲ್ಲ ಇದ್ದಾಗ ಈ ಟೂಲ್‌ಗೆ ಬೆಲೆ.

ಯಾವುದು ಕೊಳ್ಳಬೇಕು, ಯಾವುದು ಬೇಡ

ಟೂಲ್ ಯಾವ ಕಂಪನಿಯದಾದರೂ ಆಗಬಹುದು, ಆದರೆ ಮೂತಿಯ ಪ್ಲಾಸ್ಟಿಕ್ ಟೋಪಿ ತಿರುಗಿಸಿ ತೆಗೆದರೆ ಅಲ್ಲಿ ಮರೆ, ಅಂದರೆ ಥ್ರೆಡ್, ಇರಬೇಕು. ಅಟ್ಯಾಚ್ಮೆಂಟ್ ಎಲ್ಲ ಕೂರುವುದು ಆ ಥ್ರೆಡ್ ಮೇಲೆ. ಡ್ರೆಮೆಲ್ ಕಂಪನಿಯ ಅಟ್ಯಾಚ್ಮೆಂಟ್ ಕೆಲವು ಅಗ್ಗದ ಟೂಲ್‌ಗಳಿಗೂ ಕೂರುತ್ತದೆ, ಕೆಲವಕ್ಕೆ ಕೂರುವುದಿಲ್ಲ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ತಿರುಗಿಸಿ ನೋಡಿ. ಉದ್ದನೆ ವೈರಿನಂಥ ಫ್ಲೆಕ್ಸಿಬಲ್ ಶಾಫ್ಟ್ ಜೊತೆಗೆ ಕೊಡುತ್ತಾರಲ್ಲ, ಅದು ಕೆತ್ತನೆಗೆ ಒಳ್ಳೆಯದು, ಗೋಡೆ ಕೊರೆಯಲು ಉಪಯೋಗ ಇಲ್ಲ. ಗೈಡ್ ಹಾಕಲು ಅದರ ತುದಿಯಲ್ಲಿ ಜಾಗ ಇರುವುದಿಲ್ಲ. ವೇಗ ಕಮ್ಮಿ ಜಾಸ್ತಿ ಮಾಡುವ ಗುಂಡಿ ಮಾತ್ರ ಇರಲೇಬೇಕು.

ಮೊದಲು ಕೊಳ್ಳಬೇಕಾದದ್ದು ಕಟಿಂಗ್ ಗೈಡ್. ಡ್ರೆಮೆಲ್‌ನಲ್ಲಿ ಅದರ ನಂಬರ್ 565. ಇದು ಟೂಲಿನ ಮೂತಿಗೆ ಒಂದು ಚಪ್ಪಟೆ ಪಾದ ಕೊಡುತ್ತದೆ. ಪಾದ ಹಲಗೆಯ ಮೇಲೆ ಕೂತಿರುತ್ತದೆ, ಬಿಟ್ಟು ಅದರ ನಡುವಿನಿಂದ ಕೆಳಗೆ ಇಳಿದಿರುತ್ತದೆ. ಪಾದ ಮೇಲೆ ಕೆಳಗೆ ಸರಿಸಿ ಆಳ ಗೊತ್ತು ಮಾಡಬಹುದು. ಟೂಲ್ ನೆಟ್ಟಗೆ ನಿಲ್ಲುವುದೂ ಈ ಪಾದದಿಂದಲೇ. ಬಿಟ್ಟು ಓರೆಯಾದರೆ ಗೋಡೆಯ ಮುಂದೆ ಒಂದು ಅಳತೆ, ಹಿಂದೆ ಒಂದು ಅಳತೆಯ ತೂತು ಆಗುತ್ತದೆ.

ಎರಡನೆಯದು ವೃತ್ತ ಕೊರೆಯುವ ಗೈಡ್, ನಂಬರ್ 678. ಒಂದು ಮೊಳೆಯನ್ನು ನಡುವೆ ನೆಟ್ಟು ಟೂಲನ್ನು ಅದರ ಸುತ್ತ ತಿರುಗಿಸುವ ಸಾಧನ, ಕೈವಾರದ ಕೆಲಸವೇ. ಕಮಾನಿಗೂ ಇದೇ ಬೇಕು. ಮೂರನೆಯದು ಪ್ಲಂಜ್ ರೂಟರ್ ಬೇಸ್, ನಂಬರ್ 335. ಎರಡು ಹಿಡಿ, ಎರಡು ಸ್ಪ್ರಿಂಗ್ ಇರುತ್ತವೆ. ಒತ್ತಿದರೆ ಟೂಲ್ ನೆಟ್ಟಗೆ ಇಳಿಯುತ್ತದೆ, ಬಿಟ್ಟರೆ ಏಳುತ್ತದೆ. ಗೂಡು ಮಾಡುವವರಿಗೆ ಇದು ಬೇಕು, ಬರೀ ಬಾಗಿಲು ಕಿಟಕಿ ಮಾಡುವವರು ಮುಂದೆ ಕೊಂಡರಾಯಿತು.

ಬೇಡವಾದದ್ದು ಚಿಕ್ಕ ದುಂಡು ಗರಗಸದ ಅಟ್ಯಾಚ್ಮೆಂಟ್. ಎಲ್ಲರೂ ಆಸೆಪಡುವುದು ಇದಕ್ಕೇ. ಹಲಗೆಯನ್ನು ಅಂಚಿನಿಂದ ಅಂಚಿಗೆ ಕೊಯ್ಯಲು ಚೆನ್ನಾಗಿದೆ, ಅದೂ 6 ಮಿ.ಮೀ. ದಪ್ಪದವರೆಗೆ. ಆದರೆ ತೂತಿನ ಮೂಲೆಗೆ ಅದು ಮುಟ್ಟುವುದಿಲ್ಲ. ಬ್ಲೇಡ್ ದುಂಡಗಿದೆ, ಮೇಲ್ಮೈಯಲ್ಲಿ ಮೂಲೆ ಮುಟ್ಟಿದಾಗ ಕೆಳಮೈಯಲ್ಲಿ ಇನ್ನೂ ಕೊಯ್ಯುವುದು ಉಳಿದಿರುತ್ತದೆ. ಕೆಳಗೂ ಮುಟ್ಟಲಿ ಅಂತ ಮುಂದೆ ತಳ್ಳಿದರೆ ಮೇಲೆ ಗೆರೆ ದಾಟಿ ಗೋಡೆಯೊಳಗೆ ಸೀಳುತ್ತದೆ.

ಬಿಟ್ಟುಗಳಲ್ಲಿ 561 ನಂಬರಿನದು, 3.2 ಮಿ.ಮೀ. ದಪ್ಪದ ಸುರುಳಿ ಹಲ್ಲಿನದು, ಮುಕ್ಕಾಲು ಕೆಲಸ ಮಾಡುತ್ತದೆ. ಮರ, ಪ್ಲೈ, ಎಂಡಿಎಫ್ (ಮರದ ನಾರಿನ ಪುಡಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ) ಮೂರಕ್ಕೂ ಆಗುತ್ತದೆ. ಗೂಡಿನ ತಳ ಸಮ ಮಾಡಲು 650 ನಂಬರಿನ ನೇರ ರೂಟರ್ ಬಿಟ್ಟು. ಬಿಟ್ಟು ಹಾಕುವಾಗ ಪೂರ್ತಿ ಒಳಗೆ ತಳ್ಳಿ, ಒಂದೆರಡು ಮಿ.ಮೀ. ಹಿಂದಕ್ಕೆ ಎಳೆದು ಬಿಗಿಮಾಡಿ. ತಳಕ್ಕೆ ತಾಗಿದ್ದರೆ ಕೊಲೆಟ್, ಅಂದರೆ ಮೂತಿಯಲ್ಲಿ ಬಿಟ್ಟನ್ನು ಹಿಡಿಯುವ ಭಾಗ, ಸರಿಯಾಗಿ ಕಚ್ಚುವುದಿಲ್ಲ.

ಗೋಡೆ ಮತ್ತು ಗೆರೆ

ಒಂದು ಅಡಿಗೆ ಒಂದು ಇಂಚು, ಇದು ಗೊಂಬೆಮನೆಯ ರೂಢಿಯ ಅಳತೆ. ಹಾಗಾದರೆ ಮೂರು ಅಡಿ ಅಗಲ, ಐದೂವರೆ ಅಡಿ ಎತ್ತರದ ವಾಡೆಯ ಬಾಗಿಲು 76 ಮಿ.ಮೀ. ಅಗಲ, 140 ಮಿ.ಮೀ. ಎತ್ತರ ಆಗುತ್ತದೆ. ಏಳು ಅಡಿಯ ಬಾಗಿಲು ಇಡಬೇಡಿ. ನೋಡಿದ ತಕ್ಷಣ ಫ್ಲ್ಯಾಟಿನ ಬಾಗಿಲು ಅನಿಸುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ಇನ್ನೊಂದು ವಿಷಯ ಇದೆ. ಗೋಡೆ ಎರಡು ಅಡಿ ದಪ್ಪ. ಬಾಗಿಲಲ್ಲಿ ನಿಂತರೆ ಎರಡೂ ಕಡೆ ಗೋಡೆಯ ಆಳ ಕಾಣಬೇಕು. ಎರಡು ಇಂಚು ದಪ್ಪದ ಹಲಗೆ ಯಾರೂ ತರುವುದಿಲ್ಲ, ಅಲ್ವಾ? ನಾನು 6 ಮಿ.ಮೀ. ಪ್ಲೈ ಎರಡು ತುಂಡು ತೆಗೆದುಕೊಂಡು, ನಡುವೆ ಪಟ್ಟಿ ಕೊಟ್ಟು ಟೊಳ್ಳು ಗೋಡೆ ಮಾಡುತ್ತೇನೆ. ಹೊರಗಿನ ತುಂಡಿನ ತೂತು, ಒಳಗಿನ ತುಂಡಿನ ತೂತು ಎದುರುಬದುರು ಕೂಡಬೇಕು. ಅದಕ್ಕೇ ಎರಡನ್ನೂ ಸೇರಿಸಿ ಒಟ್ಟಿಗೆ ಕೊರೆಯಬೇಕು. ಎರಡರ ತಳದ ಅಂಚು ಒಂದೇ ಮಟ್ಟಕ್ಕೆ ತಂದು, ನಡುವೆ ಡಬಲ್ ಟೇಪ್ ಹಚ್ಚಿ, ಅಂಚಿನಲ್ಲಿ ನಾಲ್ಕು ಚಿಕ್ಕ ಮೊಳೆ ಹೊಡೆದರೆ 12 ಮಿ.ಮೀ. ಒಂದೇ ಹಲಗೆ ಆಯಿತು. ಬಿಟ್ಟಿನಲ್ಲಿ ಹಲ್ಲಿರುವ ಭಾಗ ಅಷ್ಟು ಉದ್ದ ಇದೆಯಾ ಅಂತ ಮೊದಲೇ ಪಕ್ಕಕ್ಕೆ ಹಿಡಿದು ನೋಡಿ.

ಗೋಡೆಗಳನ್ನು ಜೋಡಿಸುವ ಮುಂಚೆಯೇ ಎಲ್ಲ ತೂತು ಮುಗಿಯಬೇಕು. ನಿಂತ ಗೋಡೆಗೆ ಗೈಡ್ ಕೂರಿಸಲು ಆಗುವುದಿಲ್ಲ. ಮತ್ತೆ ತೂತಿನಿಂದ ಹಲಗೆಯ ಅಂಚಿಗೆ ಒಂದು ಇಂಚಾದರೂ ಬಿಡಿ. ಅದಕ್ಕಿಂತ ಕಮ್ಮಿಯಾದರೆ ಆ ಪಟ್ಟಿ ಕೊರೆಯುವಾಗಲೇ ಅದುರಿ ಮುರಿಯುತ್ತದೆ.

ಗೆರೆ ಹಾಕುವುದು ಒಳಮೈಯ ಮೇಲೆ. ಸುರುಳಿ ಹಲ್ಲಿನ ಬಿಟ್ಟು ಪುಡಿಯನ್ನು ಮೇಲಕ್ಕೆ ಎತ್ತಿ ಹಾಕುತ್ತದೆ, ಹಾಗಾಗಿ ಸಿಬಿರು ಏಳುವುದು ಮೇಲ್ಮೈಯಲ್ಲಿ. ಚಂದದ ಹೊರಮೈ ಕೆಳಗಿರಲಿ. ಕೊರೆಯುವ ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೆ ಪೆನ್ಸಿಲ್ ಗೆರೆ ಎಳೆದರೆ ಸಿಬಿರು ಇನ್ನೂ ಕಮ್ಮಿ. ಎಂಡಿಎಫ್‌ನಲ್ಲಿ ಎಳೆ ಇಲ್ಲ, ಈ ಚಿಂತೆಯೂ ಇಲ್ಲ. ತೂತಿನ ಒಳಗೆ, ಹೋಗುವ ಭಾಗದಲ್ಲಿ, ದೊಡ್ಡದಾಗಿ ಒಂದು ಇಂಟು ಗುರುತು ಹಾಕಿ. ಮಷಿನ್ ಸದ್ದಿನ ನಡುವೆ ಯಾವುದು ಉಳಿಯುವುದು ಯಾವುದು ಹೋಗುವುದು ಅನ್ನುವ ಗೊಂದಲ ಬೇಡ.

ಕೆಲಸಕ್ಕೆ ನನ್ನ ಮೇಜು ಶಹಾಬಾದ್ ಫರಸಿ. ಎರಡು ಇಟ್ಟಂಗಿ ಸಾಲಿನ ಮೇಲೆ ಒಂದು ದೊಡ್ಡ ಪಾಲಿಶ್ ಫರಸಿ ಹಾಕಿಸಿದ್ದೇನೆ. ಸಮ ಇರುತ್ತದೆ, ಭಾರ ಇರುವುದರಿಂದ ಅಲುಗುವುದಿಲ್ಲ. ಬಿಟ್ಟು ಕಲ್ಲಿಗೆ ತಾಗಿದರೆ ಆ ಕ್ಷಣವೇ ಅದರ ಕಥೆ ಮುಗಿಯಿತು, ಹಾಗಾಗಿ ಫರಸಿ ಮತ್ತು ಗೋಡೆಯ ನಡುವೆ 12 ಮಿ.ಮೀ.ನ ರದ್ದಿ ಪ್ಲೈ ಯಾವಾಗಲೂ ಇರುತ್ತದೆ. ಗೋಡೆ, ರದ್ದಿ ಪ್ಲೈ, ಫರಸಿ ಮೂರನ್ನೂ ಸೇರಿಸಿ ಸಿ ಕ್ಲಾಂಪ್ ಬಿಗಿಯುತ್ತೇನೆ. ಹೋಗುವ ಭಾಗದ ಕೆಳಗೆ ಡಬಲ್ ಟೇಪ್ ತುಂಡು ಹಚ್ಚುವುದು ಮರೆಯಬೇಡಿ. ಕೊನೆಯ ಗೆರೆ ಮುಗಿಯುವಾಗ ಆ ತುಂಡು ಸಡಿಲಾಗಿ ಬಿಟ್ಟಿಗೆ ಸಿಕ್ಕಿಕೊಂಡರೆ ಮುರಿಯುವುದು ಬಿಟ್ಟು, ಹಾರುವುದು ಮುಖದ ಕಡೆಗೆ.

ನೇರ ಗೆರೆಗೆ ಪಟ್ಟಿ

ಅಂಚು ಹಿಡಿದು ಹೋಗುವ ಒಂದು ಕಡ್ಡಿಯೂ ಸಿಗುತ್ತದೆ. ಹಲಗೆಯ ಅಂಚಿಗೆ ಹತ್ತಿರದ ಗೆರೆಗೆ ಮಾತ್ರ ಅದು ಮುಟ್ಟುತ್ತದೆ. ಕಿಟಕಿ ಗೋಡೆಯ ನಡುವೆ ಇರುತ್ತದೆ. ಹಾಗಾಗಿ ನಾನು ಆ ಕಡ್ಡಿ ತೆಗೆದಿಟ್ಟು, ನೇರವಾದ ಒಂದು ಪಟ್ಟಿಯನ್ನು ಗೋಡೆಯ ಮೇಲೆ ಕ್ಲಾಂಪ್ ಮಾಡಿ, ಗೈಡಿನ ಪಾದವನ್ನು ಆ ಪಟ್ಟಿಗೆ ಒರಗಿಸಿಕೊಂಡು ಹೋಗುತ್ತೇನೆ. ಅಲ್ಯೂಮಿನಿಯಂ ಚಾನೆಲ್ ತುಂಡು ಪಟ್ಟಿಗೆ ಒಳ್ಳೆಯದು. ಮರದ ಪಟ್ಟಿ ನಮ್ಮ ಬಿಸಿಲಿಗೆ ಬಾಗುತ್ತದೆ.

ಪಟ್ಟಿ ಎಲ್ಲಿ ಇಡಬೇಕು? ಇದಕ್ಕೆ ಸ್ಕೇಲ್ ಹಿಡಿದು ಲೆಕ್ಕ ಹಾಕಬೇಡಿ. ಒಂದು ರದ್ದಿ ತುಂಡಿಗೆ ಪಟ್ಟಿ ಬಿಗಿದು, ಗೈಡ್ ಒರಗಿಸಿ ಒಂದು ಗೆರೆ ಕೊರೆಯಿರಿ. ಪಟ್ಟಿಯ ಅಂಚಿನಿಂದ ಕೊರೆದ ಗೆರೆಯ ಹತ್ತಿರದ ಅಂಚಿನವರೆಗೆ ಅಳೆಯಿರಿ. ಆ ಅಳತೆಗೆ ಒಂದು ರಟ್ಟಿನ ತುಂಡು ಕತ್ತರಿಸಿ ಇಟ್ಟುಕೊಳ್ಳಿ. ಇನ್ನು ಮುಂದೆ ಎಲ್ಲ ಕಿಟಕಿಗೂ ಗೆರೆಯಿಂದ ಆ ರಟ್ಟಿನಷ್ಟು ದೂರಕ್ಕೆ ಪಟ್ಟಿ. ಗೈಡಿನ ಪಾದದ ಮೇಲೆ ಒಂದು ಕಡೆ ಮಾರ್ಕರ್‌ನಿಂದ ಚುಕ್ಕಿ ಹಾಕಿ, ಆ ಚುಕ್ಕಿಯೇ ಯಾವಾಗಲೂ ಪಟ್ಟಿಗೆ ತಾಗಿರಲಿ. ಪಾದದ ನಟ್ಟನಡುವೆ ಬಿಟ್ಟು ಇಲ್ಲದೆ ಇದ್ದರೆ ಪಾದ ತಿರುಗಿದ ಹಾಗೆ ಅಳತೆ ಬದಲಾಗುತ್ತದೆ.

ಪಟ್ಟಿ ಯಾವ ಕಡೆ ಇಡಬೇಕು ಅನ್ನುವುದು ಇನ್ನೂ ಮುಖ್ಯ. ಬಿಟ್ಟು ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಅಂಥ ಬಿಟ್ಟನ್ನು ನೀವು ಮುಂದಕ್ಕೆ ತಳ್ಳಿದಾಗ ಟೂಲ್ ಎಡಕ್ಕೆ ಸರಿಯಲು ನೋಡುತ್ತದೆ. ಆದ್ದರಿಂದ ಪಟ್ಟಿ ಎಡಗಡೆಗೇ ಇರಬೇಕು, ಉಳಿಯುವ ಗೋಡೆಯ ಮೇಲೆ. ಟೂಲ್ ತಾನಾಗಿ ಪಟ್ಟಿಗೆ ಒತ್ತಿಕೊಂಡು ಹೋಗುತ್ತದೆ. ಅಕಸ್ಮಾತ್ ಕೈ ಜಾರಿದರೂ ಬಲಕ್ಕೆ, ಅಂದರೆ ಹೋಗುವ ಭಾಗದೊಳಕ್ಕೆ ಜಾರುತ್ತದೆ. ಹೀಗೆ ನಾಲ್ಕೂ ಬದಿ ಮಾಡಿದರೆ ತೂತಿನೊಳಗೆ ಗಡಿಯಾರದ ದಿಕ್ಕಿಗೇ ಒಂದು ಸುತ್ತು ಬಂದಂತೆ ಆಗುತ್ತದೆ. ಉಲ್ಟಾ ಸುತ್ತಿದರೆ ಟೂಲ್ ಪಟ್ಟಿ ಬಿಟ್ಟು ಓಡುತ್ತದೆ, ಕೈ ಎಷ್ಟೇ ಗಟ್ಟಿ ಇದ್ದರೂ ಅಂಚು ಹಾವು ಹಾವಾಗುತ್ತದೆ.

ಪಟ್ಟಿಯನ್ನು ಗೆರೆಗಿಂತ ಅರ್ಧ ಮಿ.ಮೀ. ಒಳಗೆ ಕೊರೆಯುವಂತೆ ಇಡಿ. ಆ ಅರ್ಧ ಮಿ.ಮೀ. ಪಾಲಿಶ್ ಪೇಪರಿಗೆ ಬಿಟ್ಟದ್ದು.

ಕೊರೆಯುವ ಮೊದಲು ನಾಲ್ಕು ಮೂಲೆಗೂ, ಗೆರೆಯ ಒಳಗೆ, 3 ಮಿ.ಮೀ. ಡ್ರಿಲ್‌ನಿಂದ ತೂತು ಹಾಕಿ. ಬಿಟ್ಟು ಇಳಿಸಲು ದಾರಿಯಾಗುತ್ತದೆ, ಎಲ್ಲಿ ನಿಲ್ಲಬೇಕು ಅಂತಲೂ ಕೈಗೆ ಗೊತ್ತಾಗುತ್ತದೆ. ಒಂದೇ ಸಲಕ್ಕೆ ಪೂರ್ತಿ ಆಳ ಬೇಡ. ಒಂದು ಸುತ್ತಿಗೆ 3 ಮಿ.ಮೀ. ಸಾಕು. 6 ಮಿ.ಮೀ. ಹಲಗೆಗೆ ಎರಡು ಸುತ್ತು, ಜೋಡಿ ಗೋಡೆಗೆ ನಾಲ್ಕು, ಕೊನೆಯ ಸುತ್ತಿನಲ್ಲಿ ಕೂದಲೆಳೆಯಷ್ಟು ಜಾಸ್ತಿ ಇಳಿಸಿ ರದ್ದಿ ಪ್ಲೈ ಮುಟ್ಟಿಸಿ. ಪಟ್ಟಿ ಒಂದೇ ಇದ್ದರೆ ಒಂದು ಬದಿಯ ಎಲ್ಲ ಸುತ್ತು ಮುಗಿಸಿ ಮುಂದಿನ ಬದಿಗೆ ಹೋಗಿ. ಪದೇಪದೇ ಪಟ್ಟಿ ಬಿಚ್ಚಿ ಹಾಕಿದರೆ ಒಂದೊಂದು ಸಲ ಒಂದೊಂದು ಜಾಗಕ್ಕೆ ಕೂರುತ್ತದೆ.

ವೇಗ ಮರಕ್ಕೆ 25,000ದಿಂದ 30,000 ಇರಲಿ. ಸರಿಯಾಗಿ ಹೋಗುತ್ತಿದೆಯೋ ಇಲ್ಲವೋ ಅನ್ನುವುದನ್ನು ಕಿವಿ ಮತ್ತು ಮೂಗು ಹೇಳುತ್ತವೆ. ಮೋಟರಿನ ದನಿ ಕುಗ್ಗಿದರೆ ಜಾಸ್ತಿ ತಳ್ಳುತ್ತಿದ್ದೀರಿ. ಸುಟ್ಟ ವಾಸನೆ ಬಂದರೆ ತೀರಾ ನಿಧಾನ, ಇಲ್ಲವೇ ಬಿಟ್ಟು ಮೊಂಡಾಗಿದೆ, ಇಲ್ಲವೇ ಪ್ಲೈನ ಅಂಟು ಹಲ್ಲಿಗೆ ಮೆತ್ತಿದೆ. ಮೆತ್ತಿದ ಅಂಟನ್ನು ಟೂಲ್ ಆಫ್ ಮಾಡಿ, ಪ್ಲಗ್ ಕಿತ್ತು, ಹಳೆ ಹಲ್ಲುಜ್ಜುವ ಬ್ರಶ್‌ನಿಂದ ತೆಗೆಯಬಹುದು. ಮೊಂಡಾದದ್ದನ್ನು ಮಾತ್ರ ಎಸೆಯಿರಿ. ಜುಗ್ಗತನ ಮಾಡಿದರೆ ಅಂಚೆಲ್ಲ ಕಪ್ಪಾಗುತ್ತದೆ, ಬಣ್ಣ ಬಳಿದರೂ ಆ ಕಪ್ಪು ಇಣುಕುತ್ತದೆ.

ಕಮಾನು

ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದದ್ದು ಕಮಾನು. ಊರಿನ ಕೋಟೆಯೊಳಗೆ 1367ರ ಜಾಮಿ ಮಸೀದಿ ಇದೆ. ಬೇರೆ ಮಸೀದಿಗಳಂತೆ ತೆರೆದ ಅಂಗಳ ಇಲ್ಲ, ಇಡೀ ಮಸೀದಿಗೆ ಚಾವಣಿ ಇದೆ. ಒಳಗೆ ಕಮಾನಿನ ಹಿಂದೆ ಕಮಾನು. ಅದರಲ್ಲಿ ಅಂಚಿನ ಅಗಲ ಕಮಾನುಗಳನ್ನು ನೋಡಿ, ಕಂಬದ ಭಾಗ ಗಿಡ್ಡ, ಬಾಗಿದ ಭಾಗ ದೊಡ್ಡದು. ಮಕ್ಕಳಿಗೆ ಡ್ರಾಯಿಂಗ್ ಕಲಿಸುವಾಗ ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ. ಬೀದರಿನವರಿಗೆ 1472ರ ಮಹಮೂದ್ ಗಾವಾನ್ ಮದರಸಾ ಇದೆ, ಅಲ್ಲೂ ಕಣ್ಣು ತುಂಬುವಷ್ಟು ಕಮಾನುಗಳಿವೆ. ಚೂಪು ತುದಿಯ ಕಮಾನಿಗೆ ಒಂದು ಕೇಂದ್ರ ಸಾಲದು, ಎರಡು ಬೇಕು. ಎಡಗಡೆಯ ಬಾಗನ್ನು ಒಂದು ಕೇಂದ್ರದಿಂದ, ಬಲಗಡೆಯದನ್ನು ಇನ್ನೊಂದರಿಂದ ಎಳೆಯಬೇಕು.

ನಾನು ಬಳಸುವ ಲೆಕ್ಕ ಇದು. ಬಾಗಿಲಿನ ಅಗಲ 76 ಮಿ.ಮೀ. ಇದ್ದರೆ ತ್ರಿಜ್ಯ ಅದರ ಮುಕ್ಕಾಲು, ಅಂದರೆ 57. ಬಾಗು ಶುರುವಾಗುವ ಎತ್ತರದಲ್ಲಿ ಒಂದು ಅಡ್ಡ ಗೆರೆ ಎಳೆಯಿರಿ. ಆ ಗೆರೆಯ ಮೇಲೆ ಎಡ ಅಂಚಿನಿಂದ 57 ಮಿ.ಮೀ. ದೂರಕ್ಕೆ ಒಂದು ಚುಕ್ಕಿ, ಬಲ ಅಂಚಿನಿಂದ 57 ದೂರಕ್ಕೆ ಇನ್ನೊಂದು ಚುಕ್ಕಿ. ಬಲಗಡೆ ಇರುವ ಚುಕ್ಕಿ ಎಡ ಬಾಗಿಗೆ ಕೇಂದ್ರ, ಎಡಗಡೆಯದು ಬಲ ಬಾಗಿಗೆ. ಎರಡೂ ಬಾಗು ಸೇರುವ ತುದಿ ಅಡ್ಡ ಗೆರೆಯಿಂದ ಸುಮಾರು 54 ಮಿ.ಮೀ. ಮೇಲೆ ಬರುತ್ತದೆ. ಮೊದಲು ಕೈವಾರದಿಂದ ಎಳೆದು ನೋಡಿ. ಕಣ್ಣಿಗೆ ಹಿತ ಅನಿಸಿದರೆ ಮುಂದೆ ಹೋಗಿ.

ತ್ರಿಜ್ಯವನ್ನು ಅಗಲಕ್ಕಿಂತ ಕಮ್ಮಿ ಇಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಎರಡೂ ಕೇಂದ್ರ ತೂತಿನ ಒಳಗೇ ಬೀಳುತ್ತವೆ. ಗೈಡಿನ ಮೊಳೆ ನೆಡುವ ರಂಧ್ರ ಹೋಗುವ ಭಾಗದ ಜೊತೆಗೇ ಹೋಗುತ್ತದೆ, ಗೋಡೆಯಲ್ಲಿ ಕಲೆ ಉಳಿಯುವುದಿಲ್ಲ.

ಆದರೆ ಇದರಿಂದ ಒಂದು ಕಟ್ಟುಪಾಡೂ ಬರುತ್ತದೆ. ಕೇಂದ್ರ ಇರುವ ತುಂಡು ಕೊನೆಯವರೆಗೂ ಗಟ್ಟಿಯಾಗಿ ನಿಂತಿರಬೇಕು. ಬದಿಗಳನ್ನು ಮೊದಲು ಕೊರೆದುಬಿಟ್ಟರೆ ಆ ತುಂಡು ಅಲುಗುತ್ತದೆ, ಮೊಳೆಯೂ ಅಲುಗುತ್ತದೆ, ಕಮಾನು ಕೆಡುತ್ತದೆ. ಹಾಗಾಗಿ ಮೊದಲು ಎರಡೂ ಬಾಗು, ಆಮೇಲೆ ಎರಡೂ ಬದಿ, ಕೊನೆಗೆ ತಳ.

ವೃತ್ತದ ಗೈಡನ್ನು ಅಳತೆಗೆ ಇಡುವಾಗ ಬಿಟ್ಟಿನ ದಪ್ಪ ಕಳೆಯಬೇಕು. ಬಿಟ್ಟಿನ ಹೊರ ಅಂಚು 57ಕ್ಕೆ ಬರಬೇಕಾದರೆ ಮೊಳೆಯಿಂದ ಬಿಟ್ಟಿನ ನಡುವಿಗೆ 55.4 ಮಿ.ಮೀ. ಇರಬೇಕು. ಪಾಲಿಶ್ ಪೇಪರಿಗೆ ಅರ್ಧ ಬಿಟ್ಟರೆ 55 ಅಂತ ಇಟ್ಟುಕೊಳ್ಳಿ, ಲೆಕ್ಕವೂ ಸುಲಭ. ಗೈಡಿನ ಮೇಲೆ ಅಚ್ಚು ಹಾಕಿರುವ ಅಳತೆಯನ್ನು ಪೂರ್ತಿ ನಂಬಬೇಡಿ. ರದ್ದಿ ತುಂಡಿನಲ್ಲಿ ಒಂದು ಬಾಗು ಕೊರೆದು ಸ್ಕೇಲ್ ಹಿಡಿದು ನೋಡಿ.

ಕಮಾನಿನ ತುದಿಯಲ್ಲಿ, ಗೆರೆಗಿಂತ ಒಂದಿಷ್ಟು ಕೆಳಗೆ, ಡ್ರಿಲ್‌ನಿಂದ ತೂತು ಹಾಕಿ. ಎಡ ಬಾಗು ಕೆಳಗಿನಿಂದ ಶುರುವಾಗಿ ಈ ತೂತಿಗೆ ಬಂದು ನಿಲ್ಲುತ್ತದೆ. ಬಲ ಬಾಗು ಈ ತೂತಿನಿಂದ ಶುರುವಾಗಿ ಕೆಳಗೆ ಇಳಿಯುತ್ತದೆ. ಎರಡೂ ಗಡಿಯಾರದ ದಿಕ್ಕಿಗೇ. ತುದಿ ದಾಟಿ ಒಂದು ಮಿ.ಮೀ. ಹೋದರೂ ಗೋಡೆಗೆ ಮೀಸೆ ಬರುತ್ತದೆ, ಅದನ್ನು ಪುಟ್ಟಿ ತುಂಬಿಯೇ ಮುಚ್ಚಬೇಕು. ತೂತಿಗೆ ಸ್ವಲ್ಪ ಮುಂಚೆಯೇ ಕೈ ನಿಧಾನ ಮಾಡಿ. ತುದಿಯ ಚೂಪನ್ನು ಯಾವ ಬಿಟ್ಟೂ ಕೊಡುವುದಿಲ್ಲ, ಅದನ್ನು ಸಣ್ಣ ಅರದಿಂದ ಕೈಯಲ್ಲೇ ತೀಡಬೇಕು.

ಬೆಳಕಿಂಡಿ, ಗೂಡು

ಮಾಳಿಗೆಯ ಬೆಳಕಿಂಡಿಗೆ ಇದೇ ಗೈಡ್, ಒಂದೇ ಕೇಂದ್ರ. 2 ಸೆಂ.ಮೀ.ಗಿಂತ ಚಿಕ್ಕ ದುಂಡಿಗೆ ಗೈಡ್ ಬರುವುದಿಲ್ಲ, ಅದಕ್ಕೆ ಡ್ರಿಲ್ ಮಷಿನ್ನಿನ ಹೋಲ್‌ಸಾ, ಅಂದರೆ ಬಟ್ಟಲಿನಂಥ ದುಂಡು ಗರಗಸ, ಹಾಕಿ ಮುಗಿಸಿ. ಬೆಳಕಿಂಡಿಯ ಮೇಲೆ ಗಾಜಿನ ಬದಲು 2 ಮಿ.ಮೀ. ಅಕ್ರಿಲಿಕ್ ಇಡುವುದಾದರೆ ಅದನ್ನು ಕೊರೆಯುವಾಗ ವೇಗವನ್ನು ಅರ್ಧಕ್ಕೆ ಇಳಿಸಿ. ಮರದ ವೇಗಕ್ಕೆ ಅಕ್ರಿಲಿಕ್ ಕರಗುತ್ತದೆ, ಬಿಟ್ಟಿನ ಹಿಂದೆಯೇ ಮತ್ತೆ ಅಂಟಿಕೊಳ್ಳುತ್ತದೆ.

ಗೂಡು ಅಂದರೆ ಆಚೆಗೆ ತೆರೆಯದ ತೂತು. ಟೊಳ್ಳು ಗೋಡೆಯಲ್ಲಿ ಇದು ಸಲೀಸು. ಒಳಗಿನ ತುಂಡಿಗೆ ಮಾತ್ರ ತೂತು ಕೊರೆದು, ಹಿಂದೆ ಒಂದು ರಟ್ಟಿನ ಡಬ್ಬಿ ಅಂಟಿಸಿದರೆ ಆಳದ ಗೂಡು ಸಿದ್ಧ. ಗೋಡೆ ಎರಡನ್ನೂ ಬಿಡಿಸಿದ ಮೇಲೆ ಇದನ್ನು ಕೊರೆಯಬೇಕು ಅನ್ನುವುದಷ್ಟೇ ನೆನಪಿರಲಿ. ಒಂಟಿ ಹಲಗೆಯ ಗೋಡೆಯಾದರೆ 9 ಮಿ.ಮೀ. ಪ್ಲೈ ತೆಗೆದುಕೊಂಡು ಪ್ಲಂಜ್ ಬೇಸ್ ಹಾಕಿ 6 ಮಿ.ಮೀ. ಆಳ ತೆಗೆಯಿರಿ, ಎರಡು ಸಲಕ್ಕೆ. ಸುತ್ತಲಿನ ಗೆರೆ ಮೊದಲು, ನಡುವಿನದು ಆಮೇಲೆ. ನಡುವೆ ಮೊದಲು ಅಗೆದರೆ ಬೇಸ್ ಕೂರಲು ನೆಲೆ ಇರದೆ ಟೂಲ್ ವಾಲುತ್ತದೆ.

ಧೂಳು, ಸೆರಗು, ಕರೆಂಟು

ಎಂಡಿಎಫ್ ಧೂಳು ಹಿಟ್ಟಿನಷ್ಟು ನುಣ್ಣಗಿರುತ್ತದೆ, ಅದರೊಳಗೆ ರಾಳದ ಅಂಟೂ ಇರುತ್ತದೆ. ಬಾಯಿಗೆ ಕರವಸ್ತ್ರ ಕಟ್ಟಿದರೆ ಸಾಲದು, ಎನ್95 ಮಾಸ್ಕ್ ಬೇಕು. ಕಣ್ಣಿಗೆ ಕನ್ನಡಕ, ಅದೂ ಪಕ್ಕದಿಂದಲೂ ಮುಚ್ಚುವಂಥದ್ದು. ಓದುವ ಕನ್ನಡಕ ಲೆಕ್ಕಕ್ಕಿಲ್ಲ. ಸೀರೆ ಉಡುವವರು ಸೆರಗನ್ನು ಸೊಂಟಕ್ಕೆ ಬಿಗಿದುಕೊಳ್ಳಿ, ಜಡೆ ಮೇಲೆ ಕಟ್ಟಿ, ಬಳೆ ತೆಗೆದಿಡಿ. ಸಡಿಲ ಕೈಗವಸೂ ಬೇಡ, ಬಟ್ಟೆಯನ್ನು ಬಿಟ್ಟು ಕ್ಷಣದಲ್ಲಿ ಸುತ್ತಿಕೊಳ್ಳುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಕೂಲರ್ ಮುಂದೆ ಕೂತು ಕೊರೆಯುವ ಆಸೆ ಆಗುವುದು ಸಹಜ. ಮನೆಯೆಲ್ಲ ಧೂಳಾಗುತ್ತದೆ, ಮನೆಯವರು ಸುಮ್ನೆ ಬಿಡುವುದಿಲ್ಲ. ಬೆಳಿಗ್ಗೆ ಏಳರೊಳಗೆ ಹಿತ್ತಲಲ್ಲಿ ಮುಗಿಸಿಕೊಳ್ಳಿ. ಟೂಲ್ ಕೂಡ ಆ ಬಿಸಿಗೆ ಬೇಗ ಕಾಯುತ್ತದೆ. ಮೈ ಮುಟ್ಟಲು ಆಗದಷ್ಟು ಕಾದರೆ ಲೋಡ್ ಇಲ್ಲದೆ ಅರ್ಧ ನಿಮಿಷ ಓಡಿಸಿ, ಆಮೇಲೆ ಆಫ್ ಮಾಡಿ ಬಿಡಿ. ಒಳಗಿನ ಫ್ಯಾನ್ ಆ ಬಿಸಿ ಹೊರಗೆ ಹಾಕುತ್ತದೆ. ಕೊರೆಯುವ ನಡುವೆ ಕರೆಂಟು ಹೋದರೆ ಮೊದಲು ಸ್ವಿಚ್ ಆಫ್. ಇಲ್ಲದಿದ್ದರೆ ನೀವು ಚಹಾ ಕುಡಿಯಲು ಹೋದಾಗ ಕರೆಂಟು ಬಂದು ಟೂಲ್ ತಾನೇ ಎದ್ದು ಓಡುತ್ತದೆ.

ಅಂಚು ತೀಡಿ, ಬಾಗಿಲು ಕೂರಿಸುವುದು

ಕೊರೆದ ತೂತಿನ ಮೂಲೆಗಳು ದುಂಡಗಿರುತ್ತವೆ, ಬಿಟ್ಟಿನ ಅರ್ಧ ದಪ್ಪದಷ್ಟು, 1.6 ಮಿ.ಮೀ. ಚೌಕಟ್ಟು ಕೂರಬೇಕಾದರೆ ಮೂಲೆ ಚೌಕ ಆಗಬೇಕು. ಅಗಲ ಉಳಿಯನ್ನು ಎರಡೂ ಕಡೆಯಿಂದ ಒತ್ತಿ ಅಷ್ಟನ್ನು ಕತ್ತರಿಸಿ, ಉಳಿದದ್ದನ್ನು ಚೌಕ ಅರದಿಂದ ತೀಡಿ. ಸುತ್ತಿಗೆ ಬೇಡ, ಪ್ಲೈನ ಪದರ ಬಿಟ್ಟುಕೊಳ್ಳುತ್ತದೆ.

ಟೂಲ್ ಜೊತೆ ಪಾಲಿಶ್ ಪೇಪರಿನ ಪುಟ್ಟ ಡ್ರಮ್ಮೂ ಬರುತ್ತದೆ. ಕಮಾನಿನ ಒಳ ಬಾಗಿಗೆ ಅದು ಚೆನ್ನ. ನೇರ ಅಂಚಿಗೆ ಮುಟ್ಟಿಸಬೇಡಿ. ಡ್ರಮ್ ದುಂಡಗಿದೆ, ಒಂದು ಕ್ಷಣ ನಿಂತ ಕಡೆ ತಗ್ಗು ಬೀಳುತ್ತದೆ, ಅಂಚೆಲ್ಲ ಅಲೆ ಅಲೆ ಆಗುತ್ತದೆ. ನೇರ ಅಂಚಿಗೆ ಒಂದು ಮರದ ಪಟ್ಟಿಗೆ 120 ನಂಬರಿನ ಪಾಲಿಶ್ ಪೇಪರ್ ಅಂಟಿಸಿ ಕೈಯಲ್ಲೇ ಉಜ್ಜಿ, ಬಿಟ್ಟಿದ್ದ ಅರ್ಧ ಮಿ.ಮೀ. ಹೋಗುವವರೆಗೆ. ಜೋಡಿ ಗೋಡೆಯನ್ನು ಬಿಡಿಸುವ ಮೊದಲೇ ಉಜ್ಜಿದರೆ ಎರಡೂ ತೂತು ಒಂದೇ ಅಳತೆಗೆ ಬರುತ್ತವೆ. ಬಿಡಿಸಿ, ನಡುವೆ ಪಟ್ಟಿ ಕೊಟ್ಟು ಗೋಡೆ ನಿಲ್ಲಿಸಿದ ಮೇಲೆ ತೂತಿನ ಒಳಮೈಗೆ 3 ಮಿ.ಮೀ. ಎಂಡಿಎಫ್ ಪಟ್ಟಿ ಹಾಸಿ ಫೆವಿಕಾಲ್ ಹಚ್ಚಿ. ಚೌಕಟ್ಟೂ ಅದೇ, ಗೋಡೆಯ ದಪ್ಪವೂ ಅದೇ. ತಳಕ್ಕೆ ಹಾಸಿದ ಪಟ್ಟಿ ಹೊಸ್ತಿಲು. ಕಮಾನಿನ ಬಾಗಿಗೆ ಎಂಡಿಎಫ್ ಬಾಗುವುದಿಲ್ಲ. 1 ಮಿ.ಮೀ. ರಟ್ಟನ್ನು ಒದ್ದೆ ಬಟ್ಟೆಯಿಂದ ಸವರಿ, ಮೂರು ಪದರ ಒಂದರ ಮೇಲೊಂದು ಅಂಟಿಸಿ.

ಕೊರೆದು ತೆಗೆದ ತುಂಡು ಎಸೆಯಬೇಡಿ, ಬಾಗಿಲ ಹಲಗೆ ಅದೇ. ಸುತ್ತಲೂ ಬಿಟ್ಟು ತಿಂದದ್ದು 3.2 ಮಿ.ಮೀ., ಉಜ್ಜಿದ್ದು ಅರ್ಧ, ಒಟ್ಟು 3.7. ಚೌಕಟ್ಟಿನ ಪಟ್ಟಿ 3 ಮಿ.ಮೀ. ತೆಗೆದುಕೊಂಡರೆ ಬಾಗಿಲು ಆಡಲು ಪ್ರತಿ ಬದಿಗೂ 0.7 ಮಿ.ಮೀ. ಉಳಿಯುತ್ತದೆ, ಬಣ್ಣದ ದಪ್ಪಕ್ಕೂ ಸೇರಿ ಅಷ್ಟು ಸಾಕು. ವಾಡೆಯ ಬಾಗಿಲಿಗೆ ಎರಡು ಕದ. ತುಂಡನ್ನು ಉದ್ದಕ್ಕೆ ನಡುವೆ ತೆಳು ಗರಗಸದಿಂದ ಸೀಳಿ. ಹಳೆ ಕದಗಳಿಗೆ ಕಬ್ಬಿಣದ ಕೀಲು ಇರುತ್ತಿರಲಿಲ್ಲ, ಮೇಲೊಂದು ಕೆಳಗೊಂದು ಗೂಟ ಕುಳಿಯಲ್ಲಿ ತಿರುಗುತ್ತಿತ್ತು. ಇಲ್ಲಿ ಗೂಟಕ್ಕೆ ಗುಂಡುಸೂಜಿಯ ತುಂಡು. ಟೂಲಿಗೆ ಕೊಲೆಟ್ ಬದಲು ಚಿಕ್ಕ ಚಕ್ ಹಾಕಿ, 1 ಮಿ.ಮೀ. ಡ್ರಿಲ್ ಕೂರಿಸಿ, ವೇಗ ತೀರಾ ಕೆಳಗಿಳಿಸಿ ಕದದ ಅಂಚಿನಿಂದ 3 ಮಿ.ಮೀ. ಒಳಗೆ ರಂಧ್ರ ಮಾಡಿ. ಗೂಟದ ಕಡೆಯ ಅಂಚನ್ನು ಸ್ವಲ್ಪ ದುಂಡಗೆ ಉಜ್ಜಿರಬೇಕು, ಇಲ್ಲವಾದರೆ ಕದ ತೆರೆಯುವಾಗ ಚೌಕಟ್ಟಿಗೆ ತಿಕ್ಕುತ್ತದೆ. ಹೊಸ್ತಿಲು ಮತ್ತು ಮೇಲಿನ ಪಟ್ಟಿಯ ರಂಧ್ರಗಳನ್ನು ಪಟ್ಟಿ ಅಂಟಿಸುವ ಮುಂಚೆಯೇ ಹಾಕಿ, ಕದ ಸಿಕ್ಕಿಸಿಕೊಂಡೇ ಮೇಲಿನ ಪಟ್ಟಿ ಕೂರಿಸಿ. ಕಮಾನಿನ ಬಾಗಿಲಾದರೆ ಬಾಗು ಶುರುವಾಗುವ ಎತ್ತರಕ್ಕೆ ಒಂದು ಅಡ್ಡಪಟ್ಟಿ ಕೊಟ್ಟು, ತುಂಡನ್ನೂ ಅಲ್ಲಿಗೇ ಕತ್ತರಿಸಿ. ಕದ ಅದರ ಕೆಳಗೆ, ಮೇಲಿನ ಅರ್ಧಕ್ಕೆ ಜಾಲಿ.